ಬ್ಯಾಟರಿಗೆ ಹೊದಿಸಿದ ಕಂಬಳಿ

ನೀವು ನಮ್ಮ ಪಾಂಡವಪುರದ ಕಡೆಗೆ ಬಂದರೆ ಮೊದಲು ಮೂಗು ಅರಳಿಸುತ್ತೀರಿ, ನಾವು ಅರಳಿಸುವುದಿಲ್ಲ. ನಮ್ಮ ಮನೆಯ ಹಿಂದಿನ ಗದ್ದೆ ದಾಟಿದರೆ ಆಲೆಮನೆ. ಕಬ್ಬಿನ ಹಾಲು ಕುದಿದು ಬೆಲ್ಲವಾಗುವ ಪರಿಮಳ, ಹೊರಡುವ ಮಾತೆತ್ತದ ನೆಂಟನಂತೆ ತಿಂಗಳುಗಟ್ಟಲೆ ನಮ್ಮ ಪಡಸಾಲೆಯಲ್ಲೇ ಠಿಕಾಣಿ ಹೂಡಿರುವುದರಿಂದ, ಅದು ಅಲ್ಲಿದೆಯೆಂಬ ಪ್ರಜ್ಞೆಯೇ ನಮಗಿರುವುದಿಲ್ಲ. ಅತಿಪರಿಚಯ ಇಂದ್ರಿಯಗಳನ್ನು ಮಂಕಾಗಿಸುತ್ತದೆಂಬ ಈ ತತ್ತ್ವವನ್ನು ನಾನು ಯಾವ ಗ್ರಂಥದಿಂದಲೂ ಕಲಿಯಲಿಲ್ಲ, ಸ್ಕೂಟರಿನ ಬ್ಯಾಟರಿಯೊಂದರಿಂದ ಕಲಿತೆ.

ಕೆ.ಆರ್. ಪೇಟೆ, ನಾಗಮಂಗಲಗಳ ಕಾಲೇಜುಗಳಲ್ಲಿ ಮೂವತ್ತು ವರ್ಷ ರಸಾಯನಶಾಸ್ತ್ರ ಹೇಳಿಕೊಟ್ಟವನು ನಾನು. ಲಿಥಿಯಂ ಲೋಹಗಳಲ್ಲೆಲ್ಲ ಹಗುರ, ಚಾಕುವಿನಿಂದ ಕತ್ತರಿಸುವಷ್ಟು ಮೃದು, ಸ್ವಭಾವದಲ್ಲಿ ಮಾತ್ರ ಮಹಾ ಚಂಚಲ ಎಂದು ಕರಿಹಲಗೆಯ ಮುಂದೆ ನಿಂತು ಅದೆಷ್ಟು ಗಾಂಭೀರ್ಯದಿಂದ ಸಾರುತ್ತಿದ್ದೆನೆಂದರೆ, ಹಿಂದಿನ ಬೆಂಚಿನವರು ನಿಶ್ಚಿಂತೆಯಾಗಿ ನಿದ್ರಿಸುತ್ತಿದ್ದರು. ನಿವೃತ್ತನಾದ ಮೇಲೆ ಎಲೆಕ್ಟ್ರಿಕ್ ಸ್ಕೂಟರು ಕೊಂಡಾಗ, ಅದರ ಜೊತೆ ಬಂದ ಕೈಪಿಡಿಯನ್ನು ಬಿಚ್ಚದೆ ಬೀರುವಿನ ಮೇಲೆ ಎಸೆದದ್ದೂ ಅದೇ ಗಾಂಭೀರ್ಯದ ಮುಂದುವರಿದ ಭಾಗ.

ಸ್ಕೂಟರಿನ ಬ್ಯಾಟರಿಯನ್ನು ಕಳಚಿ, ಸಣ್ಣ ಪೆಟ್ಟಿಗೆಯಂತೆ ಕೈಯಲ್ಲಿ ಹಿಡಿದು ಒಳಗೆ ತರಬಹುದು. ಮುಂಬಾಗಿಲ ಪಕ್ಕದಲ್ಲೇ ಪ್ಲಗ್ಗಿದ್ದುದರಿಂದ ಅಲ್ಲೇ ಚಾರ್ಜಿಗೆ ಹಾಕುತ್ತಿದ್ದೆ. ಪಡಸಾಲೆಯ ಇನ್ನೊಂದು ತುದಿಯಲ್ಲಿ ನನ್ನ ಅವ್ವನ ಮಂಚ. ಎಂಬತ್ತೈದರ ಅವ್ವನಿಗೆ ಮಂಡಿ ಕೈಕೊಟ್ಟಿದೆ. ಇಬ್ಬರು ಹಿಡಿದೆತ್ತದೆ ಮೇಲೇಳಲಾರಳು.

ಕಳೆದ ಧನುರ್ಮಾಸದಲ್ಲಿ, ಗಂಜಾಂನ ದೇವಸ್ಥಾನಕ್ಕೆ ಹೋಗಿ ಬಂದವನು ನಮ್ಮ ಮನೆಯ ಮೆಟ್ಟಿಲ ಮೇಲೆ ಬ್ಯಾಟರಿಯನ್ನು ಕೈಜಾರಿ ಬೀಳಿಸಿದೆ. ನಾಲ್ಕು ದಿನಕ್ಕೆ ಅದರ ಒಂದು ಮಗ್ಗುಲು ತುಸು ಉಬ್ಬಿತು. ಹೆಬ್ಬೆರಳಿನಿಂದ ಒತ್ತಿ ನೋಡಿ, ಏನೂ ಆಗಿಲ್ಲವೆಂದು ನಾನೇ ಸರ್ಟಿಫಿಕೇಟು ಕೊಟ್ಟೆ. ಕರಿಘಟ್ಟದ ತನಕ ಹೋಗಿ ಆರಾಮಾಗಿ ಹಿಂದಿರುಗುತ್ತಿದ್ದ ಸ್ಕೂಟರು ಆಮೇಲೆ ಶ್ರೀರಂಗಪಟ್ಟಣ ದಾಟುವಷ್ಟರಲ್ಲೇ ಏದುಸಿರು ಬಿಡತೊಡಗಿತು. ಚಳಿಗೆ ಬ್ಯಾಟರಿಯ ಕಸುವು ಕುಗ್ಗುತ್ತದೆ ಎಂಬ ಅರ್ಧ ಸತ್ಯ ನನಗೆ ಗೊತ್ತಿತ್ತು. ಉಳಿದರ್ಧವನ್ನು ಅಡುಗೆಮನೆಯಿಂದ ಕಡ ತಂದೆ. ಚಳಿಗಾಲದಲ್ಲಿ ಮೊಸರು ಹೆಪ್ಪಾಗಲೆಂದು ನನ್ನ ಹೆಂಡತಿ ಸರೋಜ ಪಾತ್ರೆಗೆ ಬಟ್ಟೆ ಸುತ್ತಿಡುವುದನ್ನು ದಿನವೂ ನೋಡುತ್ತಿದ್ದೆನಲ್ಲ, ಬ್ಯಾಟರಿಯನ್ನು ಚಾರ್ಜಿಗೆ ಹಾಕಿ ಅದರ ಮೇಲೆ ಅಪ್ಪನ ಕಾಲದ ಕರಿಕಂಬಳಿಯನ್ನು ಹೊದಿಸಿದೆ. ರಸಾಯನಶಾಸ್ತ್ರಕ್ಕೆ ನನ್ನ ಏಕೈಕ ಸ್ವತಂತ್ರ ಕೊಡುಗೆ ಅದು.

ಅಂದು ಬೆಳಗಿನ ಹೊತ್ತು ಪೇಪರು ಓದುತ್ತಿದ್ದೆ. ಮಂಚದಿಂದ ಅವ್ವ, "ಲೋ, ಏನೋ ಸೀ ವಾಸ್ನೆ ಬತ್ತಾ ಅದೆ ಕಣ್ಲಾ" ಎಂದಳು.

ತಲೆಯೆತ್ತದೆ, "ಆಲೆಮನೆ ಕಣವ್ವ" ಎಂದೆ.

"ಬೆಲ್ಲ ಕಾಯ್ಸೋರ್ ಮನೇಲೇ ಉಟ್ಟಿದ್ದೀನಿ ಕಣ್ಲಾ ನಾನು. ಇದು ಬೆಲ್ಲ ಅಲ್ಲ. ಎದ್ ನೋಡ್ಲಾ!"

ಅವಳ ಸಮಾಧಾನಕ್ಕೆಂದು ಎದ್ದೆ. ಕಂಬಳಿಯ ಅಂಚಿನಿಂದ ಬಿಳಿ ಹೊಗೆ ಏಳುತ್ತಿತ್ತು. ಒಳಗೆ ಕುಕ್ಕರು ಬುಸುಗುಟ್ಟುವಂಥ ಸದ್ದು. ಒಡೆದ ಬ್ಯಾಟರಿಯೊಳಗಿನ ದ್ರಾವಣ ಆವಿಯಾಗುವಾಗ ಹೀಗೆ ಸಿಹಿಯಾಗಿ ನಾರುವುದುಂಟು ಎಂಬುದು ನನಗೆ ಆಮೇಲೆ ತಿಳಿಯಿತು. ಒಂದು ವಿಷಯ ಒಪ್ಪಿಕೊಳ್ಳುತ್ತೇನೆ: ಆ ಕ್ಷಣ ನಾನು ಓಡಿದ್ದು ಅವ್ವನ ಬಳಿಗಲ್ಲ, ಬ್ಯಾಟರಿಯ ಬಳಿಗೆ. ಕಂಬಳಿ ಎಳೆಯಲು ಕೈ ಚಾಚಿದ್ದೆ.

"ಅದ್ನ ಬುಡ್ಲಾ! ನಾನಿಲ್ಲಿವ್ನಿ!" ಎಂದು ಹಿಂದಿನಿಂದ ಕೂಗು ಬಂತು.

ಚಾಚಿದ ಕೈ ಹಿಂದಕ್ಕೆ ಬಂತು. ಮುಂಬಾಗಿಲು ಆಗಲೇ ಹೊಗೆಯ ಆಚೆಗಿತ್ತು. ಉಳಿದದ್ದು ಹಿತ್ತಲ ಬಾಗಿಲು. ಅದಕ್ಕೆ ಅಡ್ಡಲಾಗಿ, ದೀಪಾವಳಿಯಿಂದಲೂ ನಾಳೆ ತೆಗೆಸುತ್ತೇನೆಂದು ನಾನು ಹೇಳುತ್ತಲೇ ಇದ್ದ ತೆಂಗಿನಕಾಯಿಯ ರಾಶಿ. ಸರೋಜ ಅಡುಗೆಮನೆಯ ಮೇನ್ ಸ್ವಿಚ್ಚು ಇಳಿಸಿ, ಕಾಯಿಗಳನ್ನು ಕಾಲಿನಿಂದ ಒದ್ದು ದಾರಿ ಮಾಡಿ ಓಡಿಬಂದಳು. ಇಬ್ಬರೂ ಕೈಗೆ ಕೈ ಹೆಣೆದು ಅವ್ವನನ್ನು ಕೂರಿಸಿಕೊಂಡು ಹೊರಟೆವು. ಹೊಸ್ತಿಲ ಹತ್ತಿರ ಒಂದು ಕಾಯಿ ನನ್ನ ಕಾಲಡಿ ಉರುಳಿತು. ಬಿದ್ದೇ ಬಿಟ್ಟೆವು ಅಂದುಕೊಂಡೆ; ಬೀಳಲಿಲ್ಲ. ಹಿತ್ತಲ ಹೊಂಗೆಮರದ ಕೆಳಗೆ ಅವಳನ್ನು ಇಳಿಸುವಾಗ ಒಳಗೆ ಪಟಪಟನೆ ಸಿಡಿಯುವುದು ಕೇಳಿಸುತ್ತಿತ್ತು. ಅಗ್ನಿಶಾಮಕದವರು ಬಂದು ನೀರು ಸುರಿದು ಆರಿಸುವಷ್ಟರಲ್ಲಿ ಬಾಗಿಲ ಚೌಕಟ್ಟು ಇದ್ದಿಲಾಗಿತ್ತು. ನನಗೆ ಅಳು ಬಂತು. ಹೆತ್ತ ತಾಯಿಯನ್ನು ನನ್ನ ಕೈಯಾರೆ ಕೊಂದೇ ಬಿಡುತ್ತಿದ್ದೆ, ಅದೂ ಒಂದು ಕಂಬಳಿಯಿಂದ.

ಮಾರನೆಯ ದಿನ ಶ್ರೀರಂಗಪಟ್ಟಣದ ಸ್ಕೂಟರು ರಿಪೇರಿಯ ಯೂಸುಫ್ ಭಾಯಿ ಬಂದು ಸುಟ್ಟ ಅವಶೇಷವನ್ನು ದೂರದಿಂದಲೇ ನೋಡಿದರು. "ಬಿದ್ದಿದ್ದು, ಊದಿದ್ದು ಚಾರ್ಜಿಗೆ ಆಕ್ಲೇಬಾರ್ದು ಸಾರ್, ಎತ್ತಿ ಬಯಲಲ್ಲಿಟ್ಟು ನಮ್ಗೆ ಏಳ್ಬೇಕು. ಚಾರ್ಜ್ ಆಗೋವಾಗ ಅದ್ಕೆ ಗಾಳಿ ಬೇಕು, ನೀವು ಕಂಬ್ಳಿ ಒದ್ಸಿದ್ದೀರಲ್ಲ, ಯಾ ಅಲ್ಲಾ! ಓಗ್ಲಿ, ಬಾಗ್ಲ ದಾರೀಲಿ ಯಾಕಿಟ್ರಿ ಸಾರ್?" ಎಂದರು. ನನ್ನ ಮೂವತ್ತು ವರ್ಷದ ಪಾಠದಲ್ಲಿ ಬಾಗಿಲು ಎಂಬ ಶಬ್ದ ಒಮ್ಮೆಯೂ ಬಂದಿರಲಿಲ್ಲ.

ಈಗ ಹೊಸ ಬ್ಯಾಟರಿ ಬಂದಿದೆ. ಕೈಪಿಡಿಯನ್ನು ಎರಡು ಸಲ ಓದಿದ್ದೇನೆ. ಅಂಗಳದಾಚೆ ನೆರಳಿನ ಸಿಮೆಂಟು ಕಟ್ಟೆಯ ಮೇಲೆ, ಅದರದೇ ಚಾರ್ಜರಿನಲ್ಲಿ, ಬರಿಮೈಯಲ್ಲಿ ಅದು ಚಾರ್ಜಾಗುತ್ತದೆ. ತುಂಬಿದೊಡನೆ ಪ್ಲಗ್ಗು ಕೀಳುತ್ತೇನೆ. ತೆಂಗಿನಕಾಯಿ ರಾಶಿ ಖಾಲಿಯಾಗಿದೆ, ಅವ್ವನ ಮಂಚ ಹಿತ್ತಲ ಬಾಗಿಲ ಪಕ್ಕಕ್ಕೆ ಬಂದಿದೆ. ಬೆಳಗಿನ ಗಾಳಿಗೆ ಸಿಹಿ ವಾಸನೆ ತೇಲಿ ಬಂದರೆ ನಾನೀಗ ನಿಮ್ಮಂತೆಯೇ ಮೂಗು ಅರಳಿಸುತ್ತೇನೆ. ಆದರೂ ನನ್ನ ಮೂಗಿನ ಮೇಲೆ ನನಗೆ ನಂಬಿಕೆಯಿಲ್ಲ, ಪೇಪರು ಮಡಚಿ ಎದ್ದು ನಿಂತು, "ಅವ್ವ, ಬೆಲ್ಲವೇನವ್ವ?" ಎಂದು ಕೇಳುತ್ತೇನೆ. ಅವಳು ಕಣ್ಣು ಮುಚ್ಚಿ, ದೀರ್ಘವಾಗಿ ಉಸಿರೆಳೆದು, ಬೇಕೆಂದೇ ನನ್ನನ್ನು ಒಂದಿಷ್ಟು ಹೊತ್ತು ಕಾಯಿಸುತ್ತಾಳೆ.

"ಬೆಲ್ಲವೇ ಕಣ್ಲಾ. ಕೂತ್ಕೊ."

ಕೂತುಕೊಳ್ಳುತ್ತೇನೆ.