ಮಂಗಳವಾರ ಹನ್ನೊಂದು ಗಂಟೆಯ ಬೆಂಚು

ಟೈರೋಲ್ ಬೆಟ್ಟಗಳ ನಡುವಿನ ಹಿಂಟರ್‌ಗ್ರೀಸ್ ಊರಿಗೆ ಸ್ಕೀ ಆಡಲು ಬರುವವರೆಲ್ಲ ತಮ್ಮ ರಜೆಯನ್ನು ತಾವೇ ಯೋಚಿಸಿ ಗೊತ್ತುಮಾಡಿಕೊಂಡು ಬಂದಿದ್ದೇವೆ ಎಂದುಕೊಂಡಿರುತ್ತಾರೆ. ನೋಟ್‌ಬುರ್ಗಾಳ ಮನೆಯಲ್ಲಿ ಇಳಿದುಕೊಂಡವರಿಗೆ ಆ ಭ್ರಮೆ ಮೊದಲ ಸಂಜೆಯೇ ಇಳಿದುಹೋಗುತ್ತದೆ. ಬ್ರೆಡ್ಡಿನ ಉಂಡೆ ಹಾಕಿದ ಬಿಸಿ ಸಾರಿನ ಬಟ್ಟಲಿನ ಪಕ್ಕದಲ್ಲಿ ನಾಲ್ಕು ಮಡಿಕೆಯ ಹಾಳೆಯೊಂದು ಕಾದಿರುತ್ತದೆ. ಭಾನುವಾರದಿಂದ ಶುಕ್ರವಾರದ ತನಕ ಯಾವ ಬೆಳಿಗ್ಗೆ ಯಾವ ಇಳಿಜಾರು, ಎಷ್ಟು ಹೊತ್ತಿಗೆ ಬೆಟ್ಟಕ್ಕೆ ಏರಿಸುವ ಯಾವ ಲಿಫ್ಟು, ಊಟ ಎಲ್ಲಿ, ಮಂಡಿ ನೋವಿನವರು ಎಲ್ಲಿ ಕೂತು ಸುಧಾರಿಸಿಕೊಳ್ಳಬೇಕು, ಎಲ್ಲವೂ ಅದರಲ್ಲಿ ಅವಳ ದುಂಡು ಅಕ್ಷರದಲ್ಲಿ ಇರುತ್ತವೆ. "ಹೀಗೂ ಮಾಡಬಹುದು" ಎಂಬ ಮಾತು ಆ ಹಾಳೆಯಲ್ಲಿ ಹುಡುಕಿದರೂ ಸಿಗುವುದಿಲ್ಲ.

ಊರವರ ಬಾಯಲ್ಲಿ ಅವಳು ಬುರ್ಗಲ್. ವಯಸ್ಸು ಅರವತ್ತಮೂರು. ಆರು ಕೋಣೆಗಳ ಮನೆಯನ್ನು ಮೂವತ್ತೈದು ಚಳಿಗಾಲ ನಡೆಸಿದ್ದಾಳೆ. ಗಾಳಿ ಯಾವ ಕಡೆಯಿಂದ ಬೀಸಿದರೆ ಯಾವ ಇಳಿಜಾರಿನಲ್ಲಿ ಹಿಮ ಗಟ್ಟಿಯಾಗುತ್ತದೆ ಎಂದು ಅವಳನ್ನು ಕೇಳಿದರೆ ಸಾಕು, ಹಿಟ್ಟು ನಾದುವುದನ್ನು ನಿಲ್ಲಿಸದೆಯೇ ಉತ್ತರ ಕೊಡುತ್ತಾಳೆ. ಅವಳ ಮಾತು ತಪ್ಪಾಗಿದ್ದನ್ನು ಯಾರೂ ಕಂಡಿರಲಿಲ್ಲ, ಅಥವಾ ಕಂಡವರು ಹೇಳಿರಲಿಲ್ಲ.

ಆ ಊರಿನಲ್ಲಿ ಕೋಣೆಗಳ ಹಾಗೆ ವಾರಗಳಿಗೂ ವಾರಸುದಾರರಿದ್ದಾರೆ. ಒಮ್ಮೆ ಒಂದು ಮನೆಯಲ್ಲಿ ಒಂದು ವಾರ ಹಿಡಿದವರಿಗೆ ಪ್ರತಿವರ್ಷ ಅದೇ ವಾರ, ಅದೇ ಕೋಣೆ. ಬರದಿದ್ದರೆ ನವೆಂಬರ್ ಮೊದಲ ದಿನದೊಳಗೆ ತಿಳಿಸಬೇಕು. ಬಿಟ್ಟುಕೊಟ್ಟ ವಾರ ಸಾಲಿನಲ್ಲಿ ನಿಂತ ಮುಂದಿನವರಿಗೆ ಹೋಗುತ್ತದೆ, ಮತ್ತೆ ಬೇಕೆಂದರೆ ಸಿಗುವುದಿಲ್ಲ.

ಫೆಬ್ರವರಿಯ ಎರಡನೆಯ ವಾರ, ಬಾಲ್ಕನಿಯಿರುವ ನಾಲ್ಕನೆಯ ಕೋಣೆ, ಬ್ರೆಮೆನ್ ಊರಿನ ಹಾರ್ಮ್ಸೆನ್ ಮತ್ತು ಅವನ ಹೆಂಡತಿ ಗೇಸಾಗೆ ಸೇರಿದ್ದು. ಮೂವತ್ತೊಂದು ವರ್ಷದಿಂದ ಒಂದು ಸಲವೂ ತಪ್ಪಿಸಿರಲಿಲ್ಲ. ಗೇಸಾ ಆ ವಾರದ ಮಂಗಳವಾರ ಕೋಣೆಯ ಕಂದು ಕಂಬಳಿಯನ್ನು ಮಡಿಸಿ ಬೆನ್ನಚೀಲಕ್ಕೆ ತುರುಕಿಕೊಂಡು ಹೊರಡುತ್ತಿದ್ದಳು. "ಸಮುದ್ರದ ಕಡೆಯವರು ನೀವು, ಬಿಸಿಲಲ್ಲೂ ನಡುಗ್ತೀರಿ" ಎಂದು ಬುರ್ಗಲ್ ಪ್ರತಿವರ್ಷ ಕಿಚಾಯಿಸುತ್ತಿದ್ದಳು. ಗೇಸಾ ನಕ್ಕು ಸುಮ್ಮನಾಗುತ್ತಿದ್ದಳು. ಬುರ್ಗಲ್‌ಳ ಗಂಡ ತೀರಿಕೊಂಡ ಚಳಿಗಾಲದಲ್ಲಿ ಬೇರೆ ಅತಿಥಿಗಳು ಸಂತಾಪದ ಕಾರ್ಡು ಕಳಿಸಿದರು. ಗೇಸಾ ಮಾತ್ರ ಸ್ಕೀ ಬೂಟು ಬಿಚ್ಚಿಟ್ಟು, ಏಪ್ರನ್ ಕಟ್ಟಿಕೊಂಡು, ನಾಲ್ಕು ದಿನ ಈ ಮನೆಯ ಪಾತ್ರೆ ತೊಳೆದಳು. ಬುರ್ಗಲ್ ಅದನ್ನು ಯಾರ ಮುಂದೆಯೂ ಆಡಿದವಳಲ್ಲ, ಮರೆತವಳೂ ಅಲ್ಲ.

ಕಳೆದ ಅಕ್ಟೋಬರಿನಲ್ಲಿ ಹಾರ್ಮ್ಸೆನ್ ಫೋನ್ ಮಾಡಿದ.

"ಆಗಸ್ಟಲ್ಲಿ ಗೇಸಾ ಹೋಗಿಬಿಟ್ಟಳು, ಬುರ್ಗಲ್. ನಮ್ಮ ವಾರ ಬೇರೆ ಯಾರಿಗಾದ್ರೂ ಕೊಟ್ಬಿಡಿ. ನಾನೊಬ್ಬನೇ ಬಂದು ಅಲ್ಲಿ ಏನ್ಮಾಡ್ಲಿ?"

ಬುರ್ಗಲ್ ಹೇಳಬೇಕಾದ ನಾಲ್ಕು ಮಾತು ಹೇಳಿ ಫೋನ್ ಇಟ್ಟಳು. ಯಾರಿಗೆ ಯಾವ ವಾರ ಎಂದು ಬರೆದಿಡುವ ಪುಸ್ತಕ ತೆಗೆದಳು, ಆದರೆ ಹಾರ್ಮ್ಸೆನ್ ಹೆಸರಿನ ಮೇಲೆ ಗೀಟು ಎಳೆಯಲಿಲ್ಲ.

ಸೊಸೆ ವ್ರೋನಿ ಅದನ್ನು ನೋಡಿದಳು. ಮುಂದೆ ಮನೆ ನಡೆಸಬೇಕಾದವಳು ಅವಳೇ. "ಅತ್ತೆ, ಸಾಲಲ್ಲಿ ಮುಂದಿರೋ ಗೆಂಟ್ ಊರಿನವರು ಒಂಬತ್ತು ವರ್ಷದಿಂದ ಆ ವಾರಕ್ಕೆ ಕಾಯ್ತಿದಾರೆ. ಬಿಟ್ಟುಕೊಟ್ಟಿದ್ದನ್ನ ನೀವೇ ಹಿಡ್ಕೊಂಡು ಕೂತ್ರೆ ಹೇಗೆ?"

"ಜನವರಿಯಲ್ಲಿ ಅವನೇ ಫೋನ್ ಮಾಡ್ತಾನೆ. ನೋಡ್ತಿರು."

"ಮಾಡ್ದೆ ಇದ್ರೆ?"

"ಮಾಡ್ತಾನೆ."

ಈ ವಾರವೂ ಕೈಬಿಟ್ಟರೆ ಆ ಮನುಷ್ಯ ಬ್ರೆಮೆನ್ನಿನ ಅಡುಗೆಮನೆಯಲ್ಲಿ ಕೂತಲ್ಲೇ ಮುದುಡಿಹೋಗುತ್ತಾನೆ, ಗೇಸಾ ಇದ್ದಿದ್ದರೆ ಅದಕ್ಕೆ ಬಿಡುತ್ತಿರಲಿಲ್ಲ. ಇಷ್ಟು ಅವಳಿಗೆ ಖಾತ್ರಿಯಾಗಿ ಗೊತ್ತಿತ್ತು. ಆದ್ದರಿಂದ ಹಾಳೆಯನ್ನೂ ಬರೆದು ಮಡಿಸಿಟ್ಟಳು. ಮಂಗಳವಾರದ ಸಾಲು ಎಂದಿನಂತೆಯೇ: "ಹನ್ನೊಂದು ಗಂಟೆಗೆ ದನದ ಹಟ್ಟಿಯ ಮುಂದಿನ ಬೆಂಚು. ಒಳ್ಳೆಯ ಬಿಸಿಲು. ಹನ್ನೆರಡಕ್ಕೆ ಊಟ."

ಜನವರಿ ಕಳೆಯಿತು. ಫೋನ್ ಬರಲಿಲ್ಲ. ಗೆಂಟ್‌ನವರು ಬೇಸರಪಟ್ಟುಕೊಂಡು ಪಕ್ಕದ ಕಣಿವೆಗೆ ಹೋದರು. ಫೆಬ್ರವರಿಯ ಎರಡನೆಯ ಶನಿವಾರ ಐದು ಕೋಣೆ ತುಂಬಿದವು, ನಾಲ್ಕನೆಯದಕ್ಕೆ ಯಾರೂ ಬರಲಿಲ್ಲ. ಬುರ್ಗಲ್ ಹೋಗಿ ಅಲ್ಲಿನ ದಿಂಬು ಕೊಡವಿ ಇಟ್ಟಳು, ಭಾನುವಾರವೂ ಕೊಡವಿದಳು.

ಮಂಗಳವಾರ ಬೆಳಿಗ್ಗೆ ವ್ರೋನಿಗೆ ತಡೆಯಲಾಗಲಿಲ್ಲ. "ಖಾಲಿ ಹಾಸಿಗೆಗೆ ಜೋಗುಳ ಹಾಡಿದ್ದು ಸಾಕು, ಅತ್ತೆ. ಅಷ್ಟು ಚೆನ್ನಾಗಿ ಬರೆದಿದೀರಲ್ಲ ಹಾಳೆ, ಹೋಗಿ ನೀವೇ ಆಡ್ಬನ್ನಿ. ಹಾಸಿಗೆ ಕೆಲಸ ನಾನು ನೋಡ್ಕೋತೀನಿ."

ಚುಚ್ಚುಮಾತೇ ಅದು. ಬುರ್ಗಲ್‌ಗೆ ರೋಷ ಬಂತು. ಹಾಳೆಯನ್ನು ಜೇಬಿಗೆ ಹಾಕಿ, ಸ್ಕೀ ಹೆಗಲಿಗೇರಿಸಿ ಹೊರಟೇಬಿಟ್ಟಳು. ಎಂಟು ಗಂಟೆಯ ಲಿಫ್ಟು, ಮೇಲಿನ ಉದ್ದ ಇಳಿಜಾರು, ಪೈನ್ ಮರಗಳ ನಡುವಿನ ದಾರಿ, ಒಂದೂ ಬಿಡಲಿಲ್ಲ. ಕಾಲು ಎಲ್ಲೂ ನಡುಗಲಿಲ್ಲ. ಇಪ್ಪತ್ತರ ಹರೆಯದವರನ್ನು ಹಿಂದೆ ಹಾಕಿ ಸರಿಯಾಗಿ ಹನ್ನೊಂದಕ್ಕೆ ಹಟ್ಟಿಯ ಮುಂದಿನ ಬೆಂಚಿನ ಮೇಲೆ ಕೂತಳು.

ಬಿಸಿಲಿರಲಿಲ್ಲ.

ಆಕಾಶದಲ್ಲಿ ಒಂದು ತುಣುಕು ಮೋಡವೂ ಇಲ್ಲ, ಎದುರಿನ ಬೆಟ್ಟ ಪೂರ್ತಿ ಬೆಳಗುತ್ತಿದೆ, ಈ ಬೆಂಚಿನ ಮೇಲೆ ಮಾತ್ರ ಶಿಖರದ ದಟ್ಟ ನೆರಳು. ಕೈಗಡಿಯಾರ ನೋಡಿದಳು, ಕಿವಿಗೆ ಹಿಡಿದಳು. ಇನ್ನೇನು ಬಂತು ಎಂದು ಹಟ ಹಿಡಿದು ಕಾದಳು. ಬೆಂಚಿನ ಶೀತ ಉಣ್ಣೆಯ ಚಡ್ಡಿ ದಾಟಿ ಮೂಳೆಗೆ ಇಳಿಯಿತು. ಬಿಸಿಲು ಅವಳ ಬೂಟಿನ ತುದಿ ಮುಟ್ಟುವಾಗ ಒಂದಕ್ಕೆ ಹತ್ತು ನಿಮಿಷ ಕಡಿಮೆ.

ಆಗ ಹೊಳೆಯಿತು. ಹಿಂಟರ್‌ಗ್ರೀಸ್‌ನಲ್ಲಿ ಮನೆ ನಡೆಸುವ ಹೆಂಗಸರು ಸ್ಕೀ ಆಡುವುದು ಏಪ್ರಿಲ್‌ನಲ್ಲಿ, ಅತಿಥಿಗಳೆಲ್ಲ ಹೊರಟುಹೋದ ಮೇಲೆ. ಏಪ್ರಿಲ್ ಸೂರ್ಯ ಹನ್ನೊಂದಕ್ಕೆ ಶಿಖರದ ಮೇಲೆ ಬಂದಿರುತ್ತಾನೆ. ಫೆಬ್ರವರಿಯ ಹನ್ನೊಂದು ಗಂಟೆಗೆ ಅವಳು ಮೂವತ್ತೈದು ವರ್ಷವೂ ಹಾಸಿಗೆ ಸರಿಮಾಡುತ್ತ ಮನೆಯೊಳಗೆ ಇದ್ದಳು. ಬೆಂಚಿಗೆ ಕಳಿಸಿದ್ದು ಎಷ್ಟು ಜನರನ್ನೋ! ಎಲ್ಲರೂ ಸಂಜೆ ಬಂದು "ಸೊಗಸಾಗಿತ್ತು" ಎಂದಿದ್ದರು. ಕಂದು ಕಂಬಳಿ ನೆನಪಾದಾಗ ಅವಳ ಮುಖ ಕಿವಿಯ ತನಕ ಕೆಂಪಾಯಿತು.

ಮನೆಗೆ ಬಂದವಳು ಬೂಟು ಬಿಚ್ಚದೆ ಬ್ರೆಮೆನ್ನಿಗೆ ಫೋನ್ ಹಚ್ಚಿದಳು. ವ್ರೋನಿ ಬಾಗಿಲಲ್ಲಿ ಬಟ್ಟೆ ಮಡಿಸುತ್ತ ನಿಂತಳು.

"ಹಾರ್ಮ್ಸೆನ್, ಒಂದು ಕೇಳ್ತೀನಿ, ಸುಳ್ಳು ಹೇಳ್ಬೇಡಿ. ಮಂಗಳವಾರ ಹನ್ನೊಂದಕ್ಕೆ ಆ ಬೆಂಚಿನ ಮೇಲೆ ಬಿಸಿಲು ಇರ್ತಿತ್ತಾ?"

"ಇಲ್ಲ" ಎಂದ.

"ಒಂದು ವರ್ಷಾನೂ?"

"ಮೋಡ ಇದ್ದ ವರ್ಷ ಎಲ್ಲಾ ಕಡೆ ಒಂದೇ ಥರ ಇರ್ತಿತ್ತು."

"ಮೂವತ್ತೊಂದು ವರ್ಷ ಬಾಯಿ ಬಿಡ್ಲಿಲ್ಲವಲ್ಲ ನೀವು."

"ಮೊದಲನೇ ವರ್ಷಾನೇ ಹೇಳೋಣ ಅಂತಿದ್ದೆ. ಗೇಸಾ ಬೇಡ ಅಂದ್ಲು. ಇಷ್ಟು ಧೈರ್ಯವಾಗಿ ಬರ್ದಿದಾಳೆ, ಸೂರ್ಯಂದೇ ತಪ್ಪಿರ್ಬೇಕು ಅಂದ್ಲು." ಹಾರ್ಮ್ಸೆನ್ ನಗತೊಡಗಿದ. ನಗು ನಿಲ್ಲಿಸಲಾಗದೆ ಕೆಮ್ಮಿದ. ಆಮೇಲೆ ಅವನ ದನಿ ಒದ್ದೆಯಾಯಿತು. "ಆಮೇಲೆ ನಮಗೂ ಅದೇ ಬೇಕಾಯ್ತು, ಬುರ್ಗಲ್. ಒಂದೇ ಕಂಬಳಿಯೊಳಗೆ ಇಬ್ರೂ ಸೇರ್ಕೊಂಡು ಕೂರ್ತಿದ್ವಿ. ಮನೇಲಿ ಹಾಗೆ ಯಾವತ್ತು ಕೂತಿದೀವಿ? ಬಿಸಿಲಿದ್ದಿದ್ರೆ ಅಲ್ಲೂ ಕೂರ್ತಿರ್ಲಿಲ್ಲ."

ಬುರ್ಗಲ್ ಏಪ್ರನ್ನಿಗೆ ಕೈಹಾಕಿದಳು. ಏಪ್ರನ್ ಕಟ್ಟಿರಲಿಲ್ಲ, ಕೈಗವುಸಿನಲ್ಲೇ ಕಣ್ಣೊರೆಸಿಕೊಂಡಳು.

"ನಮ್ಮ ವಾರ ಯಾರಿಗೆ ಕೊಟ್ರಿ?" ಎಂದು ಅವನು ಕೇಳಿದ.

"ಯಾರಿಗೂ ಇಲ್ಲ. ನಿಮ್ಮ ದಿಂಬು ದಿನಾ ಕೊಡವ್ತಿದೀನಿ."

"ಇವತ್ತು ಮಂಗಳವಾರ. ಶನಿವಾರದ ತನಕ ನಂದೇ ಅಲ್ವಾ?"

"ನಿಮ್ದೇ."

"ಬೆಳಿಗ್ಗೆ ಒಂದು ರೈಲಿದೆ" ಎಂದ ಹಾರ್ಮ್ಸೆನ್.

ಬುರ್ಗಲ್ ಫೋನ್ ಇಟ್ಟು ಸೊಸೆಯ ಕಡೆ ತಿರುಗಿದಳು. "ಫೋನ್ ಆಗುತ್ತೆ ಅಂದಿದ್ದೆ. ಆಯ್ತಲ್ಲ."

"ಮಾಡಿದ್ದು ನೀವು" ಎಂದಳು ವ್ರೋನಿ. ಆದರೆ ಅವಳಾಗಲೇ ಹೊಸ ಹಾಳೆ ತಂದು ಮೇಜಿನ ಮೇಲೆ ಇಟ್ಟಿದ್ದಳು.

ಬುರ್ಗಲ್ ಕೂತು ಬರೆದಳು. ಬುಧವಾರ ಸಂಜೆ ಬಂದಿಳಿದು ವಿಶ್ರಾಂತಿ. ಗುರುವಾರ ಹನ್ನೊಂದು ಗಂಟೆಗೆ ದನದ ಹಟ್ಟಿಯ ಮುಂದಿನ ಬೆಂಚು.

ವ್ರೋನಿ ಹೆಗಲ ಮೇಲಿಂದ ಬಗ್ಗಿ ಓದಿದಳು. "ಈಗ್ಲೂ ಹನ್ನೊಂದಾ? ಬಿಸಿಲು ಬರೋದು ಒಂದಕ್ಕೆ ಅಂತ ನೀವೇ ನೋಡ್ಕೊಂಡು ಬಂದ್ರಲ್ಲ."

"ಬೇರೆಯವರ ಹಾಳೇಲಿ ಒಂದಕ್ಕೆ ಅಂತ ಬರೀತೀನಿ" ಎಂದಳು ಬುರ್ಗಲ್. ಹಳೆಯ ಹಾಳೆಯಲ್ಲಿ ಬೆಂಚಿನ ನಂತರ ಇದ್ದ "ಒಳ್ಳೆಯ ಬಿಸಿಲು" ಎಂಬುದನ್ನು ಈ ಸಲ ಬಿಟ್ಟು, ಆ ಜಾಗದಲ್ಲಿ "ಕಂಬಳಿ ಮರೆಯಬೇಡಿ" ಎಂದು ಬರೆದು, ನಾಲ್ಕಾಗಿ ಮಡಿಸಿದಳು.