ಫ್ರಿಜ್ಜಿಗೆ ಲೆಕ್ಕ ಕಲಿಸಿದ ಕಾಕ

ಕಾಕನ ಬಲಗೈ ಹೆಬ್ಬೆರಳಿನ ಉಗುರು ಉದ್ದಕ್ಕೆ ಬೆಳೆದು, ಬೆಸುಗೆಯ ಹೊಗೆಗೆ ಹಳದಿಯಾಗಿತ್ತು. ಸಣ್ಣ ಸ್ಕ್ರೂಗಳನ್ನು ಅವರು ಅದರಲ್ಲೇ ತಿರುಗಿಸುತ್ತಿದ್ದರು. ಗಲ್ಫಿನ ಕೋಲ್ಡ್ ಸ್ಟೋರೇಜಿನಲ್ಲಿ ದುಡಿದು ಬಂದು, ವೇಣೂರು ಪೇಟೆಯಲ್ಲಿ ರೇಡಿಯೋ, ಫ್ರಿಜ್ ರಿಪೇರಿಗೆ ಕೂತವರು. ಊರೆಲ್ಲ ಅವರನ್ನು ಕಾಕ ಎನ್ನುತ್ತಿತ್ತು. ಸರ್ಕಾರಿ ಆಸ್ಪತ್ರೆಯ ನರ್ಸಾಗಿದ್ದ ನಾನೂ.

ಏನು ಕೇಳಿದರೂ ಮೊದಲು "ನೋಡುವ" ಎನ್ನುವ ಮನುಷ್ಯ. ನನಗೋ ಮೂಗಿನ ತುದಿಯಲ್ಲೇ ಕೋಪ. ಆ "ನೋಡುವ" ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು.

ತೊಂಬತ್ತರ ದಶಕದ ಒಂದು ಬೇಸಗೆ. ಲಸಿಕೆ ಇಡುವ ಫ್ರಿಜ್ಜಿನಲ್ಲಿ ಕೆಲವು ಬೆಳಿಗ್ಗೆ ಐಸ್ ಮೆತ್ತಗಾಗಿರುತ್ತಿತ್ತು. ಪೋಲಿಯೋ ಹನಿಗೆ ಸೆಕೆ ತಾಗಿತೋ, ಮಗುವಿನ ಬಾಯಿಗೆ ಬಿಟ್ಟರೂ ಒಂದೇ, ಬಿಡದಿದ್ದರೂ ಒಂದೇ. ಕಾಕ ಬಂದು ನೋಡಿದರು, ಕಂಪ್ರೆಸರಿನಲ್ಲಿ ದೋಷವಿರಲಿಲ್ಲ. ಮತ್ತೊಮ್ಮೆ ಬಂದಾಗ ಸಾಬೂನು ಡಬ್ಬಿಯೊಳಗೆ ಏನನ್ನೋ ಕೂರಿಸಿ ತಂದು ಫ್ರಿಜ್ಜಿನ ವಯರಿಗೆ ಸೇರಿಸಿದರು. ಮಗ ದುಬಾಯಿಯಿಂದ ಕಳಿಸಿದ ಚಿಪ್ ಅಂತೆ.

"ಕರೆಂಟು ಇದ್ದಷ್ಟು ಹೊತ್ತು ಇದು ಗಂಟೆ ಕೂಡಿಸ್ತಾ ಹೋಗ್ತದೆ ಸಿಸ್ಟರ್. ಎಷ್ಟು ಸಲ ಕರೆಂಟು ತಪ್ಪಿತು ಅಂತಲೂ ಎಣಿಸ್ತದೆ. ಒಳಗೆ ಸೆಲ್ ಉಂಟು, ಮರೆಯುದಿಲ್ಲ."

ಮುಂದಿನ ಲಸಿಕೆಯ ದಿನ ತಾಯಂದಿರು ಸಾಲಾಗಿ ಕೂತಿದ್ದಾಗ ಕಾಕ ಬಂದು, ಗುಂಡಿ ಒತ್ತಿ ಅಂಕೆ ನೋಡಿದರು. ಮುಖ ಸಪ್ಪಗಾಯಿತು. ಕರೆಂಟು ತಪ್ಪಿದ್ದು ಕೆಲವೇ ಸಲ, ಆದರೆ ವಾರದ ಲೆಕ್ಕದಿಂದ ಕಳೆದರೆ ತಪ್ಪಿದ ಗಂಟೆಗಳು ರಾಶಿ.

"ಈ ವಾರ ರಾತ್ರಿಯಿಡೀ ಕರೆಂಟು ಹೋದದ್ದುಂಟಾ?"

ಹೋಗಿರಲಿಲ್ಲ. ಪಕ್ಕದ ಕ್ವಾರ್ಟರ್ಸಿನಲ್ಲಿ ನನ್ನ ಫ್ಯಾನು ದಿನವೂ ಬೆಳಗಿನವರೆಗೆ ತಿರುಗಿತ್ತು.

"ಹಾಗಾದ್ರೆ ಹೋದದ್ದಲ್ಲ, ಯಾರೋ ತೆಗೆದದ್ದು."

ಬಾಗಿಲಲ್ಲಿ ನಿಂತಿದ್ದ ನಮ್ಮ ಆಯಾ ಅಳತೊಡಗಿದಳು. "ಕೆಲವು ದಿನ ಸಂಜೆ ಗುಡುಗು ಬರ್ತದಲ್ಲ ಸಿಸ್ಟರ್. ಮಷಿನ್ ಸುಟ್ಟು ಹೋದ್ರೆ ಅಂತ ಮನೆಗೆ ಹೋಗುವಾಗ ಪ್ಲಗ್ ತೆಗೀತೇನೆ. ಬೆಳಿಗ್ಗೆ ಬಂದು ಹಾಕ್ತೇನೆ."

ಗುಡುಗಿದರೆ ಟೀವಿ, ಫೋನು ಎಲ್ಲದರ ವಯರು ಕೀಳದ ಮನೆ ನಮ್ಮ ಕಡೆ ಯಾವುದಿದೆ? ಆದರೂ ನಾನು ಬಾಯಿಗೆ ಬಂದಂತೆ ಬೈಯಲು ಹೊರಟೆ. ಕಾಕ ಅಡ್ಡ ಬಂದರು.

"ಅವರು ಹಾಳು ಮಾಡ್ಲಿಕ್ಕೆ ತೆಗೆದದ್ದಲ್ಲ ಮಾರಾಯ್ರೇ, ಉಳಿಸ್ಲಿಕ್ಕೆ ತೆಗೆದದ್ದು. ಸಿಡಿಲಿಗೆ ಬೇರೆ ದಾರಿ ನೋಡುವ."

ಅಂದು ಯಾರಿಗೂ ಹನಿ ಹಾಕುವುದು ಬೇಡವೆಂದು ಡಾಕ್ಟರು ಹೇಳಿದರು. ಬಿಸಿಲಲ್ಲಿ ಕೂಸು ಹೊತ್ತು ಬಂದವರು ಗೊಣಗಿದರು. "ಇನ್ನು ನಾವು ಬರುದಿಲ್ಲ," ಎಂದಳು ಒಬ್ಬಳು. ನನಗಿದ್ದ ಹೆದರಿಕೆಯೂ ಅದೇ: ಹೋದವರು ತಿರುಗಿ ಬಾರದಿದ್ದರೆ? ಆ ಸಾಲಿನಲ್ಲಿ ಕಾಕನ ಮಗಳೂ ಕೂತಿದ್ದಳು. ಅವಳ ಕೂಸನ್ನು ಎತ್ತಿಕೊಂಡು ಕಾಕ ಎಲ್ಲರಿಗೂ ಕೇಳುವಂತೆ ಹೇಳಿದರು:

"ನನ್ನ ಪುಳ್ಳಿಗೂ ಇವತ್ತು ಇಲ್ಲ. ಒಳ್ಳೆ ಹನಿ ಬರ್ಲಿ, ಎಲ್ಲರೂ ಒಟ್ಟಿಗೆ ಬರುವ."

ಮರುವಾರ ಪುಳ್ಳಿಯನ್ನು ಹೊತ್ತು ಅವರೇ ಮೊದಲು ಬಂದರು. ಹಿಂದೆಯೇ ಉಳಿದವರೂ ಬಂದರು, ಗೊಣಗಿದವಳೂ. ಹಿಂದಿನ ವಾರಗಳಲ್ಲಿ ಹನಿ ಹಾಕಿಸಿಕೊಂಡ ಮಕ್ಕಳನ್ನೂ ಮತ್ತೆ ಕರೆಸಿದೆವು. ಕಾಕ ಫ್ರಿಜ್ಜಿನ ಲೈನಿಗೆ ಸಿಡಿಲು ತಡೆಯುವ ಸಾಧನ ಹಾಕಿಸಿ, ಅಂಕೆ ಓದುವುದನ್ನು ಆಯಾಳಿಗೇ ಕಲಿಸಿದರು. ಆಮೇಲೆ ಆ ಡಬ್ಬಿಯನ್ನು ನಾನು ಮುಟ್ಟಿದರೂ ಅವಳಿಗೆ ಆಗುತ್ತಿರಲಿಲ್ಲ.

ಎಷ್ಟೋ ವರ್ಷಗಳ ನಂತರ ಕಾಕ ತೀರಿಕೊಂಡರು. ಮಸೀದಿಗೆ ಏರುವ ರಸ್ತೆಯ ಬದಿಯಲ್ಲಿ ನಾನು ನಿಂತಿದ್ದೆ. ಕಾಕನ ಮಯ್ಯತ್ತಿಗೆ ಹೆಗಲು ಕೊಟ್ಟವರಲ್ಲಿ, ಹಿಂದೆ ಬರುತ್ತಿದ್ದವರಲ್ಲಿ, ಮೀಸೆ ಚಿಗುರುತ್ತಿದ್ದ ಹುಡುಗರೇ ಹೆಚ್ಚು. ಅಂದು ಹನಿಯಿಲ್ಲದೆ ವಾಪಸು ಹೋದ ಕೂಸುಗಳು ಅವರು; ಒಬ್ಬೊಬ್ಬರ ತಾಯಿಯ ಗುರುತೂ ನನಗಿತ್ತು. ತಡೆಯಲಾಗದೆ ಅತ್ತುಬಿಟ್ಟೆ. ಅಷ್ಟು ಕಡಿದಾದ ಏರಿನಲ್ಲಿ ಎಲ್ಲರೂ ಬಿರಬಿರನೆ ನಡೆದು ಹೋದರು, ಒಬ್ಬನೂ ಕಾಲೆಳೆದು ನಡೆಯಲಿಲ್ಲ.