ಬಸವಕಲ್ಯಾಣದ ಒಂದು ವಿಡಿಯೋ ಗೇಮಿಗೆ ಮೂರು ಪವರ್ ಸಪ್ಲೈ

ಸ್ವಲ್ಪ ತಡೆಯಿರಿ, ಪುಟ ತಿರುಗಿಸಬೇಡಿ. ಹೆಸರು ನೋಡಿ ಇದು ಮೆಕ್ಯಾನಿಕ್‌ಗಳಿಗೆ ಮಾತ್ರ ಬರೆದದ್ದು ಅಂದುಕೊಂಡರೆ ತಪ್ಪಾಗುತ್ತದೆ. ವೋಲ್ಟು ಗೀಲ್ಟು ಒಂದಿಷ್ಟು ಬರುತ್ತದೆ, ಬಂದಾಗ ಬಿಡಿಸಿ ಹೇಳುತ್ತೇನೆ. ಒಂದೇ ಮಿಷನ್ನು, ಒಂದೇ ಜಾಗ, ಐದಾರು ವಾರದಲ್ಲಿ ಮತ್ತೆ ಮತ್ತೆ ಸತ್ತದ್ದು ಯಾಕೆ ಅನ್ನುವುದು ಗೊತ್ತಾಗಬೇಕಾದರೆ ಅಲ್ಲಿಯವರೆಗೆ ನನ್ನ ಜೊತೆ ಕೂಡಬೇಕು.

ಅದು 1987ನೇ ಇಸವಿ. ಹುಮನಾಬಾದಿನ ಬಸ್ ನಿಲ್ದಾಣದ ಹತ್ತಿರ ಆರಡಿ ಅಗಲ, ಎಂಟಡಿ ಉದ್ದದ ನನ್ನ ರೇಡಿಯೋ–ಟಿ.ವಿ. ರಿಪೇರಿ ಅಂಗಡಿ. ನನಗೆ ಆಗ ಇಪ್ಪತ್ತೆರಡು ವರ್ಷ. ಯಾವ ಐ.ಟಿ.ಐ.ಗೂ ಹೋದವನಲ್ಲ. ಹಳೆಯ ರೇಡಿಯೋ ಬಿಚ್ಚುತ್ತ, ಸುಡುತ್ತ, ಇಂಗ್ಲಿಷ್ ಪುಸ್ತಕದ ಚಿತ್ರ ನೋಡುತ್ತ ಕಲಿತದ್ದು. ಹೈದರಾಬಾದಿನಿಂದ ತಂದ, ಕರೆಂಟು ಅಳೆಯುವ ಒಂದು ಮಲ್ಟಿಮೀಟರ್ ಇತ್ತು. ಅದನ್ನು ಚರ್ಮದ ಚೀಲದಲ್ಲಿ ಹಾಕಿ ಹೆಗಲಿಗೆ ನೇತುಹಾಕಿಕೊಂಡೇ ತಿರುಗುತ್ತಿದ್ದೆ. ಜನ ದಾರಿ ಬಿಡುತ್ತಿದ್ದರು. ನನಗೂ ಅದು ಇಷ್ಟವಿತ್ತು, ಸುಳ್ಳು ಯಾಕೆ ಹೇಳಲಿ.

ಜನವರಿ ಕೊನೆಯಲ್ಲಿ ಒಂದು ಬೆಳಿಗ್ಗೆ ಬಸವಕಲ್ಯಾಣದಿಂದ, ನಮ್ಮ ಬಾಯಲ್ಲಿ ಬರೀ ಕಲ್ಯಾಣದಿಂದ, ರಾಜಪ್ಪ ಅನ್ನುವವರು ಹುಡುಕಿಕೊಂಡು ಬಂದರು. ನಲವತ್ತರ ಆಸುಪಾಸು, ತೆಳ್ಳಗಿನ ಮನುಷ್ಯ. ಹದಿನಾಲ್ಕು ವರ್ಷ ಬೊಂಬಾಯಿಯ ಬಟ್ಟೆ ಮಿಲ್ಲಿನಲ್ಲಿ ದುಡಿದವರು. ಮಿಲ್ಲು ಬಾಗಿಲು ಹಾಕಿದ ಮೇಲೆ ಊರಿಗೆ ಬರುವಾಗ ಒಂದು ಹಳೆಯ ವಿಡಿಯೋ ಗೇಮ್ ಮಿಷನ್ನನ್ನು ಲಾರಿಯಲ್ಲಿ ಹೇರಿಸಿಕೊಂಡು ಬಂದಿದ್ದರು. ಕಲ್ಯಾಣದ ಒಂದು ಅಂಗಡಿ ಸಾಲಿನಲ್ಲಿ ಅದನ್ನು ಇಟ್ಟು ವರ್ಷವಾಗಿತ್ತು.

"ಮಿಷನ್ ಬಂದ್ ಬಿದ್ದದ್ರಿ," ಅಂದರು. "ಪರದಾ ಮ್ಯಾಲ ಬರೇ ಗೆರಿ ಬರಾಕತ್ಯಾವ. ನೀವು ಬರಬೇಕ್ರಿ."

"ಕಲ್ಯಾಣದಾಗ ಯಾರೂ ಇಲ್ಲೇನ್ರಿ?"

"ಇದ್ದಾರ. ನೋಡಿ, ದೇವ್ರಿಗಿ ಕೈ ಮುಗದು ಹೋದ್ರು." ನಗಲಿಲ್ಲ ಅವರು. "ಇದು ನಡಿಲಿಲ್ಲ ಅಂದ್ರ ನಾ ತಿರುಗಿ ಬೊಂಬಾಯಿಗಿ ಹೋಗಬೇಕಾಗ್ತದ್ರಿ. ಹೋದ ವರ್ಷ ನಾ ಬಂದಾಗ ನನ್ನ ಮಗಳು ನನಗ ಮಾಮಾ ಅಂದಳು. ಆಕಿಗಿ ನಾಕ ವರ್ಷ ಆಗಿದ್ವು."

ಅಂದೇ ಮಧ್ಯಾಹ್ನದ ಬಸ್ಸು ಹಿಡಿದು ಹೊರಟೆವು. ಕಿಟಕಿಯ ಗಾಜಿಲ್ಲದ ಬಸ್ಸು. ಇಳಿಯುವಾಗ ನನ್ನ ಹುಬ್ಬಿನವರೆಗೆ ಕೆಂಪು ಧೂಳು.

ಮಿಷನ್ನು ನೋಡಿದೆ. ಆಳೆತ್ತರದ ಮರದ ಪೆಟ್ಟಿಗೆ, ಎದೆಯ ಮಟ್ಟದಲ್ಲಿ ಟಿ.ವಿ.ಯಂಥ ಪರದೆ, ಕೆಳಗೆ ಹಿಡಿಕೆ, ಎರಡು ಗುಂಡಿ, ನಾಣ್ಯ ಹಾಕುವ ಸೀಳು. ಒಳಗಿನ ಆಟದ ಬೋರ್ಡಿಗೆ ಸರಿಯಾಗಿ ಐದು ವೋಲ್ಟು ಬೇಕು. ಗೋಡೆಯಿಂದ ಬರುವ 230 ವೋಲ್ಟನ್ನು ಇಳಿಸಿ, ಸೋಸಿ, ಐದು ಮಾಡಿ ಕೊಡುವುದಕ್ಕೇ ಪವರ್ ಸಪ್ಲೈ ಅನ್ನುವುದು. ಮೀಟರ್ ಹಚ್ಚಿದೆ. ಬೋರ್ಡಿನ ವೈರು ಬಿಚ್ಚಿದಾಗ ಐದು ತೋರಿಸುತ್ತದೆ, ಹಚ್ಚಿದ ಕೂಡಲೇ ನಾಲ್ಕಕ್ಕೆ ಇಳಿಯುತ್ತದೆ. ಭಾರ ಹೊರಲಾರದ ಎತ್ತಿನ ಹಾಗೆ. ವಿದ್ಯುತ್ತನ್ನು ಸೋಸುವ ದೊಡ್ಡ ಕೆಪಾಸಿಟರ್ ಒಣಗಿ ತಲೆ ಉಬ್ಬಿಸಿಕೊಂಡಿತ್ತು. ನನ್ನ ಚೀಲದಲ್ಲಿದ್ದ ಎರಡನ್ನು ಜೋಡಿಸಿ ಬೆಸುಗೆ ಹಾಕಿದೆ. ಪರದೆಯ ಮೇಲೆ ಚಿತ್ರ ಬಂತು, ಪೀಂ ಪೀಂ ಸದ್ದು ಬಂತು. ಬಾಗಿಲಲ್ಲಿ ನೆರೆದವರು ಚಪ್ಪಾಳೆ ಹೊಡೆದರು.

ಅಷ್ಟಕ್ಕೇ ಬಂದುಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಮಿಷನ್ನಿನ ಹಿಂದಿನ ಗೋಡೆಯ ಆಚೆ ಒಂದು ಗುಂಡಿ ಇತ್ತು. ಪಕ್ಕದ ಚಹಾದ ಹೋಟೆಲಿನಲ್ಲಿ ಲೋಟ ತೊಳೆದ ನೀರು ಸಣ್ಣ ಕಾಲುವೆಯಾಗಿ ಬಂದು ಅದರಲ್ಲಿ ಇಂಗುತ್ತಿತ್ತು. ಮೇಲೆಲ್ಲ ಸೋಸಿ ಎಸೆದ ಚಹಾಪುಡಿ. ಗೋಡೆಯೇ ಹಸಿಯಾಗಿತ್ತು. ಅದೇ ಗೋಡೆಗೆ ಕರೆಂಟಿನ ವೈರು. ಹೋಟೆಲಿನ ಇಸ್ಮಾಯಿಲ್ ಚಾಚಾ ಅವರನ್ನು ಕರೆದು, ಮೀಟರ್ ಹೆಗಲಿಗೇರಿಸಿಕೊಂಡೇ ಹೇಳಿದೆ: "ಚಾಚಾ, ನೀರು, ಕರೆಂಟು ಬಾಜೂಕ ಬಾಜೂ ಇರಬಾರದ್ರಿ. ಈ ನೀರ ಮುಂದಿನ ಗಟಾರಕ್ಕ ತಿರುಗಿಸ್ರಿ."

ಚಾಚಾ ಗುಂಡಿಯ ಕಡೆ ನೋಡಿದರು, ನನ್ನ ಕಡೆ ನೋಡಿದರು. ಏನೋ ಹೇಳಲು ಬಾಯಿ ತೆರೆದು, "ಅಚ್ಛಾ ಬೇಟಾ," ಅಂದರು. ಮರುದಿನವೇ ತಗಡಿನ ಕೊಳವೆ ಹಾಕಿ ನೀರು ತಿರುಗಿಸಿದರಂತೆ.

ಫೆಬ್ರವರಿಯ ಮೂರನೇ ವಾರ ರಾಜಪ್ಪ ಮತ್ತೆ ನನ್ನ ಅಂಗಡಿಯ ಮುಂದೆ ನಿಂತಿದ್ದರು. ಈ ಸಲ ಸುಟ್ಟ ವಾಸನೆ ಬಂದಿತ್ತು. ಹೋಗಿ ನೋಡಿದರೆ ಪವರ್ ಸಪ್ಲೈಯ ಟ್ರಾನ್ಸ್‌ಫಾರ್ಮರ್ ಕಪ್ಪಾಗಿತ್ತು, ಅದರ ಒಳಗಿನ ಸುರುಳಿ ಕರಗಿ ಒಂದಕ್ಕೊಂದು ಅಂಟಿತ್ತು. ಪರದೆಯ ಕಡೆಗೆ ಬೇರೆ ಟ್ರಾನ್ಸ್‌ಫಾರ್ಮರ್, ಅದರ ಫ್ಯೂಸು ಮೊದಲೇ ಹಾರಿ ಅದು ಉಳಿದಿತ್ತು. ಹಳೆಯ ಮಾಲು, ವಯಸ್ಸಾಗಿ ಸತ್ತಿದೆ ಎಂದು ತೀರ್ಮಾನಿಸಿದೆ. ಫ್ಯೂಸು ಹಾರಿದ್ದು ಯಾಕೆಂದು ಕೇಳಿಕೊಳ್ಳಲಿಲ್ಲ.

ಹೈದರಾಬಾದಿಗೆ ಹೋದೆ. ನಸುಕಿನ ಬಸ್ಸು, ಬಿಡಿಭಾಗದ ಪೇಟೆಯಲ್ಲಿ ಇಡೀ ದಿನ ಬಿಸಿಲು. ಹತ್ತು ಅಂಗಡಿ ತಿರುಗಿದ ಮೇಲೆ ಒಂದು ಎಸ್.ಎಂ.ಪಿ.ಎಸ್. ಸಿಕ್ಕಿತು. ಅಂದರೆ ಭಾರದ ಟ್ರಾನ್ಸ್‌ಫಾರ್ಮರ್ ಇಲ್ಲದ, ಹಗುರಾದ, ಹೊಸ ಜಾತಿಯ ಪವರ್ ಸಪ್ಲೈ. ತಂದು ಕೂಡಿಸಿದೆ. ಮಿಷನ್ನು ನಡೆಯಿತು. ರಾಜಪ್ಪ ಈ ಸಲ ಖುಷಿಪಡಲಿಲ್ಲ. ಜೇಬಿನಿಂದ ಒಂದು ಕಾಗದ ತೆಗೆದು ತೋರಿಸಿದರು. ಬೊಂಬಾಯಿಯಿಂದ ಹಳೆಯ ಜೊತೆಗಾರ ಬರೆದದ್ದು. ಯಾವುದೋ ಗೋದಾಮಿನಲ್ಲಿ ಮೂಟೆ ಲೆಕ್ಕ ಇಡುವ, ಹೊರುವ ಕೆಲಸ ಇದೆ, ಬರುವುದಾದರೆ ಬೇಗ ಬಾ ಎಂದು.

"ಇದು ನಡೀತು ಅಂದ್ರ ನಾ ಇಲ್ಲೇ ನಿಂದರ್ತೀನಿ," ಅಂದರು. "ಇದು ಬಿದ್ರ ನಾ ಹೊಂಟೆ."

"ಬೀಳಾಂಗಿಲ್ರಿ," ಅಂದೆ ನಾನು.

ಆರು ದಿನಕ್ಕೆ ಬಿತ್ತು. ಕಲ್ಯಾಣದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಚೀಟಿ ಬಂತು: 'ಢಬ್ ಅಂತು. ಬರೂದ್ ಇದ್ರ ಬರ್ರಿ.'

ನಿಜ ಹೇಳುತ್ತೇನೆ, ಆ ಚೀಟಿ ಓದಿ ಎರಡು ದಿನ ಹೋಗಲಿಲ್ಲ. ಬೇರೆ ಕೆಲಸ ಇದೆ ಎಂದು ನನಗೆ ನಾನೇ ಹೇಳಿಕೊಂಡೆ. ಕೆಲಸವೇನೂ ಇರಲಿಲ್ಲ. ಸೋಲ್ಡರಿಂಗ್ ಕಡ್ಡಿ ಕಾಯಿಸುವುದು, ಆರಿಸುವುದು, ಮತ್ತೆ ಕಾಯಿಸುವುದು. ನನಗೆ ಗೊತ್ತಿದ್ದದ್ದೆಲ್ಲ ಮುಗಿದುಹೋಗಿತ್ತು.

ಮೂರನೇ ದಿನ ಹೋದೆ. ಅಂಗಡಿ ತೆರೆದದ್ದು ರಾಜಪ್ಪನವರ ಹೆಂಡತಿ ಸುಶೀಲಾಬಾಯಿ.

"ಅವರು ಎಲ್ಲ್ಯಾರ್ರಿ ಅಕ್ಕಾ?"

"ಮುಂಜಾನಿ ಗಾಡಿಗಿ ಹೋದರ್ರಿ. ಸೋಲಾಪುರ ಮುಟ್ಟಿರಬೇಕ್ ಈಗ."

ನಾನು ಅಲ್ಲೇ ಹೊಸ್ತಿಲ ಮೇಲೆ ಕುಳಿತೆ. ಆಕೆ ಒಂದು ತಂಬಿಗೆ ನೀರು ಕೊಟ್ಟರು. "ಹಿಂಗ ಮಾರಿ ಸಣ್ಣ ಮಾಡ್ಕೊಂಡು ಕುಂತ್ರ ಹ್ಯಾಂಗ್ರಿ? ಅವರು ಹೋಗ್ಯಾರ, ಮಿಷನ್ ಇಲ್ಲೇ ಅದ. ನಾ ನಡಸ್ತೀನಿ. ನೀವು ರಿಪೇರಿ ಮಾಡ್ರಿ."

ಬಿಚ್ಚಿ ನೋಡಿದೆ. ಹೊಸ ಸಪ್ಲೈಯ ಒಳಗೆ ಕೆಪಾಸಿಟರ್ ಸಿಡಿದು ಬೆಳ್ಳಿಯ ಕಾಗದದಂಥದ್ದು ಎಲ್ಲೆಡೆ ಚೆಲ್ಲಿತ್ತು. ಹಳೆಯದೂ ಸುಟ್ಟಿತು, ಹೊಸದೂ ಸುಟ್ಟಿತು. ಎರಡರ ಜಾತಿ ಬೇರೆ, ವಯಸ್ಸು ಬೇರೆ. ಎರಡಕ್ಕೂ ಸಮಾನವಾದದ್ದು ಒಂದೇ, ಗೋಡೆಯ ಆ ಪ್ಲಗ್ಗು. ಇದು ಹೊಳೆಯಲು ಮೂರು ಸಲ ಕೆಡಬೇಕಾಯಿತಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು. ಅಂದು ಮಿಷನ್ನು ಮುಟ್ಟಲಿಲ್ಲ. ಪ್ಲಗ್ಗಿಗೆ ಒಂದು ಅರವತ್ತು ವಾಟಿನ ಬಲ್ಬು, ಅದರ ಪಕ್ಕ ಮೀಟರ್ ಹಚ್ಚಿ, ಎದುರಿಗೆ ಡಬ್ಬಿಯ ಮೇಲೆ ಕುಳಿತೆ.

ಒಂದು ಗಂಟೆ 225ರ ಹತ್ತಿರವೇ ಇತ್ತು. ಎರಡು ಗಂಟೆ. ಕಣ್ಣು ಎಳೆಯತೊಡಗಿತು. ಸಂಜೆ ನಾಲ್ಕಕ್ಕೆ ಬಲ್ಬು ಇದ್ದಕ್ಕಿದ್ದಂತೆ ಬೆಳ್ಳಗೆ ಉರಿಯಿತು. ಮೀಟರ್ ಮುಳ್ಳು ಮುನ್ನೂರು ದಾಟಿತು. ಎದ್ದು ಹೊರಗೆ ಓಡಿದೆ. ಬದಲಾದದ್ದು ಒಂದೇ: ಸಾಲಿನ ಕೊನೆಯ ಅಂಗಡಿಯ ಟೇಲರ್ ತುಕಾರಾಮ ಇಸ್ತ್ರಿ ಪೆಟ್ಟಿಗೆ ಹಚ್ಚಿದ್ದ.

"ತುಕಾರಾಮಣ್ಣ, ಇಸ್ತ್ರಿ ಬಂದ್ ಮಾಡ್ರಿ!" ಬಲ್ಬು ಮಂದವಾಯಿತು. "ಹಚ್ಚರಿ!" ಮತ್ತೆ ಬೆಳ್ಳಗೆ.

"ಹಚ್ಚಿ ಏನ್ ಉಪಯೋಗ?" ತುಕಾರಾಮ ಒಳಗಿಂದಲೇ ಕೂಗಿದ. "ತಿಂಗಳಾತು, ಕಾಯವಲ್ದು. ಇದರ ಮ್ಯಾಲ ಬೆಕ್ಕ ಮಲಗ್ತದ."

ಇದನ್ನು ಓದುವವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಪಕ್ಕದವರು ದೊಡ್ಡ ಸಾಮಾನು ಹಚ್ಚಿದರೆ ನಮ್ಮ ದೀಪ ಮಂದವಾಗುವುದು ಸಹಜ. ಜೋರಾದರೆ ಅಪಾಯ. ಅಂಗಡಿ ಸಾಲಿಗೆ ಕರೆಂಟು ಮೂರು ಬೇರೆ ಬೇರೆ ವೈರಿನಲ್ಲಿ ಬರುತ್ತದೆ, ಅವಕ್ಕೆ ಫೇಸ್ ಅನ್ನುತ್ತೇವೆ. ಎಲ್ಲ ಅಂಗಡಿಯಿಂದ ಹಿಂದಿರುಗುವ ದಾರಿ ಮಾತ್ರ ಒಂದೇ, ಅದು ನ್ಯೂಟ್ರಲ್. ಆ ಹಿಂದಿರುಗುವ ದಾರಿ ಕೆಟ್ಟರೆ ಕರೆಂಟು ಒಂದು ಅಂಗಡಿಯಿಂದ ಇನ್ನೊಂದಕ್ಕೆ ನುಗ್ಗುತ್ತದೆ. ತುಕಾರಾಮನಿಗೆ ಕಡಿಮೆಯಾದದ್ದು ರಾಜಪ್ಪನವರ ಮಿಷನ್ನಿಗೆ ಹೆಚ್ಚಾಗಿ ಬರುತ್ತಿತ್ತು.

ನ್ಯೂಟ್ರಲ್ ವೈರಿನ ಜಾಡು ಹಿಡಿದು ಗೋಡೆಯುದ್ದಕ್ಕೂ ನಡೆದೆ. ಕಂಬದಿಂದ ಬಂದ ಜಾಗದ ಜಾಯಿಂಟು ತುಕ್ಕು ಹಿಡಿದು ಸಡಿಲಾಗಿತ್ತು. ಅಲ್ಲಿಂದ ಒಂದು ದಪ್ಪ ತಂತಿ ಕೆಳಗಿಳಿದು ಹೋಟೆಲಿನ ಹಿಂದಿನ ಆ ಗುಂಡಿಯ ಒಣ ಚಹಾಪುಡಿಯೊಳಗೆ ಹೋಗಿತ್ತು. ಅಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಕೈಯಿಂದ ಕೆದರುತ್ತಿದ್ದಾಗ ಇಸ್ಮಾಯಿಲ್ ಚಾಚಾ ಬಂದು ನಿಂತರು.

"ಅದು ಅರ್ಥಿಂಗ್ ಗುಂಡಿ ಅದ ಬೇಟಾ. ಒಬ್ಬ ಮುದುಕ ಲೈನ್‌ಮನ್ ಹೇಳಿದ್ದ, ಇದಕ್ಕ ದಿನಾ ನೀರ್ ಕುಡಸು, ಇಲ್ಲಂದ್ರ ಕರೆಂಟಿನ ಬತ್ತಿ ಕುಣೀತಾವ ಅಂತ. ಹನ್ನೆರಡ ವರ್ಷ ಕುಡಿಸಿದೆ. ನೀವು ಬ್ಯಾಡಂದ್ರಿ, ಬಿಟ್ಟೆ."

"ಅವತ್ತೇ ಯಾಕ ಹೇಳಲಿಲ್ರಿ ಚಾಚಾ?"

"ಹ್ಯಾಂಗ ಹೇಳ್ಲಿ? ನೀವು ಮೀಟರ್ ಹಾಕ್ಕೊಂಡ್ ಬಂದಿದ್ರಿ. ನಾ ಕೇಟ್ಲಿ ಹಿಡಕೊಂಡವ."

ಸಡಿಲ ಜಾಯಿಂಟು ಮಾಡಬೇಕಾದ ಕೆಲಸವನ್ನು, ಹಿಂದಿರುಗುವ ಕರೆಂಟಿಗೆ ದಾರಿ ಕೊಡುವುದನ್ನು, ಇಷ್ಟು ವರ್ಷ ಈ ಹಸಿ ಗುಂಡಿಯೇ ನೆಲದ ಮೂಲಕ ಮಾಡುತ್ತಿತ್ತು. ಅದನ್ನು ಬೇಸಿಗೆಯ ಬಾಯಲ್ಲಿ ಒಣಗಿಸಿದವನು ನಾನು. ಒಂದು ಸಲ ಕೆದರಿ ನೋಡಿದ್ದರೆ ತಂತಿ ಕಾಣುತ್ತಿತ್ತು. ಕೊಳಕು ಎಂದು ಮುಟ್ಟಿರಲಿಲ್ಲ.

ಚಾಚಾ ನಾಲ್ಕು ಕೊಡ ನೀರು ಸುರಿದರು. ತುಕಾರಾಮನಿಗೆ ಇಸ್ತ್ರಿ ಹಚ್ಚಲು ಹೇಳಿದೆ. ಮುಳ್ಳು 240ರ ಆಚೆ ಹೋಗಲಿಲ್ಲ. ಇದು ಹಂಗಾಮಿ ಮದ್ದು. ಮರುದಿನ ಲೈನ್‌ಮನ್ ಬಂದು ಕಂಬದಲ್ಲಿ ಕರೆಂಟು ತೆಗೆದು ಜಾಯಿಂಟು ಬಿಚ್ಚಿ, ತಿಕ್ಕಿ, ಹೊಸದಾಗಿ ಕಟ್ಟಿಕೊಟ್ಟ ಮೇಲೆಯೇ ನಾನು ಮಿಷನ್ನಿನ ಬಾಗಿಲು ತೆಗೆದದ್ದು. ಹೈದರಾಬಾದಿಗೆ ಹೋಗುವ ಶಕ್ತಿ ಇರಲಿಲ್ಲ. ಹಿಂದಿನ ರಾತ್ರಿಯೇ ಹುಮನಾಬಾದಿಗೆ ಹೋಗಿ, ನನ್ನ ಅಂಗಡಿಯಲ್ಲಿ ರೇಡಿಯೋ ಪರೀಕ್ಷೆಗೆ ನಾನೇ ಕಟ್ಟಿಕೊಂಡಿದ್ದ ಪವರ್ ಸಪ್ಲೈಯನ್ನು ಬಿಚ್ಚಿ ತಂದಿದ್ದೆ. ಬೋರ್ಡಿಗೆ ಹಚ್ಚುವ ಮೊದಲು ಐದು ವೋಲ್ಟು ಮೂರು ಸಲ ನೋಡಿದೆ. ಹಚ್ಚಿದೆ. ಮಿಷನ್ನು ಎದ್ದಿತು. ಯಾರೂ ಚಪ್ಪಾಳೆ ಹೊಡೆಯಲಿಲ್ಲ, ಅಂಗಡಿಯಲ್ಲಿ ನಾವಿಬ್ಬರೇ ಇದ್ದೆವು.

"ನನಗ ಬರಿಯಾಕ ಬರಾಂಗಿಲ್ರಿ," ಅಂದರು ಸುಶೀಲಾಬಾಯಿ, ಒಂದು ಇನ್‌ಲ್ಯಾಂಡ್ ಕಾಗದ ಮುಂದಿಟ್ಟು. "ಬರೀರಿ. ಮಿಷನ್ ಚಾಲೂ ಆಗ್ಯಾದ. ಬರ್ರಿ."

ಬರೆದೆ. ಪೆನ್ನು ಎತ್ತದೆ ಹೇಳಿದೆ: "ಅಕ್ಕಾ, ಇದು ಸುಡಾಕ ನಾನೇ ಕಾರಣ. ಗುಂಡಿ ಒಣಗಿಸಿದ್ದು ನಾ."

ಆಕೆ ಬೆರಳಿನಿಂದ ಕಾಗದವನ್ನು ಇನ್ನಷ್ಟು ನನ್ನ ಕಡೆಗೆ ಸರಿಸಿದರು.

"ಅದೂ ಬರೀರಿ," ಅಂದರು. "ಇಲ್ಲಂದ್ರ ಅವರು ಮಿಷನ್ದೇ ತಪ್ಪು ಅಂತ ತಿಳ್ಕೊಂಡು ಬರೂದೇ ಇಲ್ಲ."

ನನ್ನ ಕೈಯಿಂದಲೇ, ನನ್ನ ಅಕ್ಷರದಲ್ಲಿ, ಎಲ್ಲ ಬರೆದೆ. ಕಾಗದ ಮಡಚುವ ಅಂಚಿನವರೆಗೂ ತುಂಬಿತು.

ಹದಿನಾಲ್ಕನೇ ದಿನ ರಾಜಪ್ಪ ಬ್ಯಾಗು ಹಿಡಿದುಕೊಂಡೇ ಹುಮನಾಬಾದಿನಲ್ಲಿ ಇಳಿದು ನೇರ ನನ್ನ ಅಂಗಡಿಗೆ ಬಂದರು. ಎಡ ಹೆಗಲು ಮೂಟೆ ಹೊತ್ತು ತರಚಿತ್ತು, ಅಂಗಿ ಅಲ್ಲಿ ಅಂಟಿಕೊಂಡಿತ್ತು. ನಾನು ಎದ್ದು ಸ್ಟೂಲು ಮುಂದೆ ಸರಿಸಿದೆ.

"ಬೊಂಬಾಯಿ ದಾದರದಿಂದ ಇಲ್ಲೀತನಕ ನಿಮಗ ಬೈಕೋತ ಬಂದೀನ್ರಿ," ಅಂದರು ಸ್ಟೂಲಿನ ಮೇಲೆ ಕುಳಿತು. "ಸೋಲಾಪುರದ ತನಕ ಮರಾಠಿದಾಗ, ಅಲ್ಲಿಂದ ಕನ್ನಡದಾಗ. ಈಗ ಎರಡೂ ಮುಗದಾವ. ಚಾ ಹೇಳ್ರಿ. ಕಲ್ಯಾಣದ ಬಸ್ಸಿಗಿ ಟೈಮ್ ಆಗ್ಯಾದ."

ಚಹಾ ಕುಡಿದು ಹೋದರು. ಇದನ್ನು ಬರೆಯುವ ಹೊತ್ತಿಗೆ ಎರಡು ವರ್ಷವಾಯಿತು, ಅಲ್ಲೇ ಇದ್ದಾರೆ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟೆ. ಕೆಟ್ಟ ಸಾಮಾನು ಬದಲಿಸುವ ಮೊದಲು ಅದು ಯಾಕೆ ಕೆಟ್ಟಿತು ಎಂದು ಕೇಳಬೇಕು. ಅದನ್ನು ಸಾಮಾನಿಗೆ ಕೇಳಿದರೆ ಸಾಲದು, ಅಕ್ಕಪಕ್ಕ ಇರುವ ಜನರಿಗೆ ಕೇಳಬೇಕು, ಅವರು ಬಾಯಿ ತೆರೆದು ಮುಚ್ಚಿದರೆ ಇನ್ನೊಂದು ಸಲ ಕೇಳಬೇಕು. ನಾನು ಈಗ ಕೇಳುತ್ತೇನೆ. ಆದರೂ ಒಬ್ಬ ಮನುಷ್ಯ ಎರಡು ವಾರ ಹೊತ್ತ ಮೂಟೆಗಳು ನನ್ನ ಲೆಕ್ಕದಲ್ಲೇ ಇವೆ.

ನಿಮ್ಮ ಕಸುಬಿನಲ್ಲೂ ಇಂಥದ್ದು ಆಗಿರಬೇಕು. ನೀವೇ ಮಾಡಿದ ಉಪಕಾರ ಇನ್ನೊಬ್ಬರ ಮನೆಗೆ ಬಡಿದದ್ದು. ಟಿ.ವಿ. ಆಗಲಿ, ಪಂಪು ಆಗಲಿ, ಹೊಲಿಗೆ ಮಿಷನ್ನಾಗಲಿ, ಒಂದು ಕಾರ್ಡಿನಲ್ಲಿ ಬರೆದು ಈ ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಗೆದ್ದದ್ದನ್ನು ಎಲ್ಲರೂ ಬರೆಯುತ್ತಾರೆ. ನೀವು ಸುಟ್ಟದ್ದನ್ನು ಬರೆಯಿರಿ, ನಾನು ಓದಬೇಕು.